ಅವ್ವನ ಕರಡಿಗೆ, ಮಗಳ ಕಾರ್ಡು

ಬೇಳೆ ಹಸನು ಮಾಡಲು ಕೂತಾಗ ನನ್ನನ್ನು ಯಾರೂ ಮಾತಾಡಿಸಬಾರದು ಎಂಬುದು ನಮ್ಮ ಮನೆಯ ಕಾಯ್ದೆ. ಮಾಡಿದವಳು ನಾನೇ, ಮುರಿಯುವವಳೂ ಬಹುತೇಕ ನಾನೇ. ಗಾಂಧಿ ಗಂಜದ ಪೇಟೆಯಿಂದ ಬಂದ ತೊಗರಿ ಬೇಳೆ ಎಷ್ಟೇ ಮಿರಿಮಿರಿ ಮಿಂಚಲಿ, ಮೊರಕ್ಕೆ ಸುರಿದು, ಬೆರಳಿನಿಂದ ಹರವಿ, ಬೆಳಕಿಗೆ ಹಿಡಿದು ನೋಡದೆ ನಾನು ಡಬ್ಬಿ ತುಂಬುವವಳಲ್ಲ. "ಈಗಿನ ಬ್ಯಾಳ್ಯಾಗ ಹರಳು ಎಲ್ಲಿರ್ತಾವ? ಮಷಿನ್ ಆರಿಸೇ ಕಳಸ್ತದ" ಎಂದು ನಮ್ಮ ಮನೆಯವರು ನಗುತ್ತಾರೆ. ಮಷಿನ್ನಿಗೇನು, ಅದಕ್ಕೆ ಹಲ್ಲಿಲ್ಲ. ನನಗೆ ಶಿವ ಇನ್ನೂ ಇಪ್ಪತ್ತಾರು ಉಳಿಸಿದ್ದಾನೆ. ಅವನ್ನು ಕಾಯ್ದುಕೊಳ್ಳುವುದು ನನ್ನ ಕೆಲಸ.

ಆ ದಿನ ಬೀದರಿನ ಚಿದ್ರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಅರ್ಧ ಮೊರ ಮುಗಿಸಿದ್ದೆ. ಏಳು ಹರಳು ಸಿಕ್ಕಿದ್ದವು. ಅಷ್ಟರಲ್ಲಿ ತವರೂರು ಚಿಂತಾಕಿಯಿಂದ ತಮ್ಮ ಶಿವರಾಜನ ಫೋನು.

"ಅಕ್ಕಾ, ಅವ್ವನ ಲಿಂಗ ಬಾವ್ಯಾಗ ಬಿತ್ತು."

ಮೊರ ಪಕ್ಕಕ್ಕೆ ಸರಿಸಿದೆ. ಇದರ ಅರ್ಥವೇನೆಂದು ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ನಮ್ಮ ಅವ್ವನ ಕೊರಳಲ್ಲಿ ಶಿವದಾರ, ಅದರ ತುದಿಗೆ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದಾದ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಕೂಸಿದ್ದಾಗ ಗುರುಗಳು ಕಟ್ಟಿದ್ದು. ದಿನಕ್ಕೆರಡು ಸಲ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವ್ವ ಅನ್ನ ಮುಟ್ಟುವುದಿಲ್ಲ. ನೀರೂ ಮುಟ್ಟುವುದಿಲ್ಲ. ಹಿಂದಿನ ದಿನ ಸಂಜೆ ಪೂಜೆಗೆ ಮೊದಲು ಬಾವಿಯೊಳಗೆ ಬಗ್ಗಿ ನೋಡಿದ್ದಾಳೆ. ಅದು ಬರದ ಎರಡನೆಯ ಬೇಸಿಗೆ. ನೀರು ಎಷ್ಟು ಇಳಿಯಿತೆಂದು ದಿನಾ ನೋಡಿ ಊರಿಗೆಲ್ಲ ವರದಿ ಕೊಡುವ ಕೆಲಸ ಯಾರೂ ಒಪ್ಪಿಸದಿದ್ದರೂ ಅವಳದೇ. ಹಳೆಯ ದಾರ ಸವೆದಿತ್ತು. ವರದಿಗಾರ್ತಿ ಬಗ್ಗಿದಳು, ದಾರ ಹರಿಯಿತು, ಕರಡಿಗೆ ಬುಳಕ್ ಎಂದಿತು.

"ರಾತ್ರಿಯಿಂದ ಒಂದು ಹನಿ ನೀರು ಕುಡ್ದಿಲ್ಲ" ಅಂದ ಶಿವರಾಜ. "ಕೊಕ್ಕಿ ಬಿಟ್ಟು ನೋಡ್ದೆ. ನುಣ್ಣನ ಕರಡಿಗಿ, ಕೊಕ್ಕಿಗಿ ಹ್ಯಾಂಗ ಸಿಗ್ತದ? ಮಠದಿಂದ ಇನ್ನೊಂದು ತರ್ತೇನಿ ಅಂದ್ರ ಏನಂದ್ಲು ಗೊತ್ತದೇನು? 'ನಿಮ್ಮವ್ವ ಬಾವ್ಯಾಗ ಬಿದ್ರ ಔರಾದ ಬಜಾರಕ್ಕ ಹೋಗಿ ಇನ್ನೊಂದು ಅವ್ವಗ ತರ್ತಿ ಏನೋ?' ಅಂದ್ಲು."

ಗಂಟಲು ಒಣಗಿದ್ದರೂ ನಾಲಿಗೆ ಒಣಗಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ಎಪ್ಪತ್ತೆಂಟರ ದೇಹ, ಹೊರಗೆ ಬೆಂಕಿಯಂಥ ಬಿಸಿಲು. ಇವತ್ತು ಸಂಜೆಯೊಳಗೆ ನೀರು ಕುಡಿಯದಿದ್ದರೆ ನಾಲಿಗೆಯೂ ಉಳಿಯುವುದಿಲ್ಲ.

"ಗೌರಿಗಿ ಕರ್ಕೊಂಡು ಬಾ ಅಕ್ಕಾ. ಅಕಿ ಸಮುದ್ರದ ಬುಡಕ್ಕೇ ಹೋಗಿ ಬಂದಾಕಿ. ನಮ್ಮ ಬಾವಿ ಅಕಿಗಿ ಯಾವ ಲೆಕ್ಕ?"

ಈ ಮಾತಿಗೆ ನಾನು ನಾಚಬೇಕಿತ್ತು. ಯಾಕೆಂದರೆ ಇದನ್ನು ಊರಲ್ಲಿ ಬಿತ್ತಿದವಳು ನಾನೇ. ನನ್ನ ಮಗಳು ಗೌರಿ ಬೀದರಿನ ಸಾಲೆಯೊಂದರಲ್ಲಿ ಆಟ ಕಲಿಸುವ ಟೀಚರು. ದೀಪಾವಳಿ ರಜೆಯಲ್ಲಿ ಕರಾವಳಿಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವ ಸ್ಕೂಬಾ ವಿದ್ಯೆಯನ್ನು ನಾಲ್ಕು ದಿನ ಕಲಿತು, ಒಂದು ಕಾರ್ಡು ತಂದಿದ್ದಳು. ನಾನು ಅವಳ ನೀರೊಳಗಿನ ಫೋಟೊ ತೆಗೆದುಕೊಂಡು ಹೋಗಿ ಚಿಂತಾಕಿಯ ಮನೆಮನೆಗೂ ತೋರಿಸಿದೆ. ಮುಖಕ್ಕೆ ಗಾಜು, ಬಾಯಿಗೆ ಕೊಳವೆ ನೋಡಿ ಎದುರುಮನೆ ಕಾಶಮ್ಮ ಲೊಚಗುಟ್ಟಿದಳು: "ಅಯ್ಯ ಶಾಂತಕ್ಕ, ಪೋರಿಗಿ ಏನ್ ಬ್ಯಾನಿ ಬಂದಿತ್ತು? ಯಾವ ದವಾಖಾನಿದಾಗ ಇಟ್ಟಿದ್ರಿ?" ಅವಳಿಗೆ ತಿಳಿಸಿ ಹೇಳುವ ಭರದಲ್ಲಿ ಹದಿನೆಂಟು ಮೀಟರಿನ ಆಳವನ್ನು ನಾನು ನೂರೆಂಬತ್ತು ಮಾಡಿದ್ದೆ. ಬಾಯಿತಪ್ಪಿ ಅಂತ ಶಿವನ ಮುಂದೆ ಹೇಳಿಕೊಂಡಿದ್ದೇನೆ. ಅವನು ಒಪ್ಪಿದನೋ ಇಲ್ಲವೋ.

ಗೌರಿ ವಿಷಯ ಕೇಳಿ ಮೊದಲು ಆಯಿಯ, ಅಂದರೆ ನಮ್ಮ ಅವ್ವನ, ಬಗ್ಗೆ ಕೇಳಿದಳು. ಆಮೇಲೆ ಖಡಾಖಂಡಿತ ಹೇಳಿದಳು: "ಬರ್ತೇನಿ. ಖರೆ, ಬಾವ್ಯಾಗ ಇಳ್ಯಲ್ಲ."

"ಯಾಕ? ಕಾರ್ಡ್ ಅದಲ್ಲ?"

"ಕಾರ್ಡ್ ಇರೋದಕ್ಕೇ ಇಳ್ಯಲ್ಲ ಅನ್ಲಿಕತ್ತೀನಿ ಮಮ್ಮಿ. ಸಮುದ್ರದಾಗ ತಿಳಿ ನೀರು, ಬಾಜೂಕ ಜೋಡಿ ಒಬ್ರು, ಮ್ಯಾಲ ಗುರು ಇದ್ರು. ಬಾವ್ಯಾಗ ಹ್ಯಾಂಗ ಇಳೀಬೇಕು ಅಂತ ಯಾರೂ ಕಲಿಸಿಲ್ಲ. ಕಲೀಲಾರದ ಕಡಿ ಹೋಗಬ್ಯಾಡ ಅಂತ ಕಲಿಸ್ಯಾರ."

"ನಮ್ಮ ಬಾವ್ಯಾಗ ಒಂದಾಳು ನೀರು ಸುದ್ದಾ ಇಲ್ಲ. ನಿನ್ನ ಹದಿನೆಂಟು ಮೀಟರ್ ಎಲ್ಲಿ ಹೋಯ್ತು?"

"ಆಳದ ಮಾತಲ್ಲ ಅದು."

ಆಗ ನಾನು ಆಡಬಾರದ ಮಾತೊಂದನ್ನು ಆಡಿದೆ. "ನಿನಗ ಆಯಿಗಿಂತ ಆ ಕಾರ್ಡ್ ದೊಡ್ಡದಾಯ್ತು ಹೌದಿಲ್ಲ?" ಗೌರಿ ಚೀಲಕ್ಕೆ ನೀರಲ್ಲಿ ಮುಳುಗಿದರೂ ಆರದ ತನ್ನ ಟಾರ್ಚು ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ಔರಾದದವರೆಗೆ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ. ಹೊರಗೆ ನೋಡಲು ಏನಿತ್ತು? ಬರಿದಾದ ಕರಿ ಹೊಲ, ಬೀಗ ಹಾಕಿದ ಮನೆಗಳು. ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದವರು ಬೀಗಕ್ಕೆ ಅರಿವೆ ಸುತ್ತಿ ಹೋಗಿದ್ದರು, ಮಳೆ ಬಂದರೆ ತುಕ್ಕು ಹಿಡಿಯಬಾರದೆಂದು. ಮಳೆ ಬರುತ್ತದೆಂಬ ಆ ನಂಬಿಕೆ ನೋಡಿ ನನಗೆ ಸಣ್ಣಗೆ ಖುಷಿಯೇ ಆಯಿತು.

ಚಿಂತಾಕಿಯಲ್ಲಿ ಅವ್ವ ಬಾವಿಯ ಪಕ್ಕದ ಬೇವಿನ ಮರದ ಕೆಳಗೆ ಹೊರಸು ಹಾಕಿಸಿಕೊಂಡು ಕೂತಿದ್ದಳು. ತುಟಿ ಬಿರಿದಿತ್ತು, ಕಣ್ಣು ಒಳಗೆ ಹೋಗಿತ್ತು. ಒಂದು ಗುಟುಕು ನೀರು ಕುಡಿ ಎಂದು ನಾನು ಅತ್ತೆ.

"ಅದು ನೀರಾಗ ಮುಳುಗ್ಯಾದ, ನಾ ನೀರು ಕುಡ್ಕೋತ ಕೂಡ್ಲಾ?" ಅಂದಳು. ಅವಳ ತರ್ಕಕ್ಕೆ ಉತ್ತರ ಕೊಡುವವರು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ.

ಆ ಬಾವಿಗೂ ನನಗೂ ಒಂದು ಹಳೆಯ ಲೆಕ್ಕವಿದೆ. ನನಗೆ ಒಂಬತ್ತು ವರ್ಷವಿದ್ದಾಗ ಗಂಡುಹುಡುಗರಿಗೆಲ್ಲ ಬೆನ್ನಿಗೆ ಒಣಸೋರೆ ಬುರುಡೆ ಕಟ್ಟಿ ಅಲ್ಲಿ ಈಜು ಕಲಿಸುತ್ತಿದ್ದವನು ಗೌಸ್ ಚಾಚಾ. ಬಾವಿಗೆ ಬಿದ್ದ ಕೊಡ, ತಂಬಿಗೆ, ಒಮ್ಮೊಮ್ಮೆ ಮನುಷ್ಯರನ್ನೂ ಮುಳುಗಿ ಮೇಲೆ ತರುವುದು ಅವನ ಕಸುಬು. ಹೆಣ್ಣುಮಕ್ಕಳಿಗೆ ಈಜು ಇರಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಅವನು ಹೇಳುವುದನ್ನು ಕೇಳಿಯೇ ಅರ್ಧ ಈಜು ಕಲಿತೆ. ಉಳಿದರ್ಧಕ್ಕೆ ನೀರು ಬೇಕಿತ್ತು, ಅದು ಸಿಗಲಿಲ್ಲ. "ಉಸಿರು ಮುಗೀತು ಅಂತ ಮ್ಯಾಲ ಬರಬ್ಯಾಡ್ರಿ, ಅರ್ಧ ಇದ್ದಾಗೇ ಬರ್ರಿ" ಎಂದು ಅವನು ಹುಡುಗರಿಗೆ ಕೂಗುತ್ತಿದ್ದುದು ಇವತ್ತಿಗೂ ಕಿವಿಯಲ್ಲಿದೆ. ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಅವ್ವನ ಹಿತ್ತಾಳೆಯ ಕುಂಕುಮದ ಭರಣಿ ನನ್ನ ಕೈಯಿಂದ ಜಾರಿ ಬಾವಿಗೆ ಬಿತ್ತು. ಹಣೆಗೆ ಹಚ್ಚಿಕೊಂಡು ನೀರಲ್ಲಿ ಮುಖ ನೋಡಲು ಕದ್ದು ತಂದಿದ್ದೆ. ಚಾಚಾ ಮೂರು ಸಲ ಮುಳುಗಿದರೂ ಸಿಗಲಿಲ್ಲ. ಮನೆಗೆ ಹೋಗಿ, ಶಿವರಾಜ ಒಗೆದನೆಂದು ಹೇಳಿದೆ. ಏಳು ವರ್ಷದ ತಮ್ಮನಿಗೆ ಬೇವಿನ ಬರಲಿನಿಂದ ಏಟು ಬಿದ್ದವು. ಚಾಚಾ ನನ್ನನ್ನು ಒಮ್ಮೆ ನೋಡಿದ, ಬಾಯಿ ಬಿಡಲಿಲ್ಲ. ಲಿಂಗಪೂಜೆಯಲ್ಲಿ ಎಷ್ಟೋ ಸಲ ಇದನ್ನು ಹೇಳಿಕೊಂಡಿದ್ದೇನೆ. ತಮ್ಮನಿಗೆ ಮಾತ್ರ ಹೇಳಿರಲಿಲ್ಲ.

ನನಗೆ ಫೋನು ಮಾಡಿ ಭಾಲ್ಕಿಗೆ ಓಡಿದ್ದ ಆ ತಮ್ಮ ಮಧ್ಯಾಹ್ನದ ಹೊತ್ತಿಗೆ ಜೀಪಿನಲ್ಲಿ ಬಂದಿಳಿದ. ಜೊತೆಗೆ ಗೌಸ್ ಚಾಚಾ. ಊರ ಬಾವಿಗಳು ಬತ್ತಿದ ಮೇಲೆ ಕಸುಬಿಲ್ಲದೆ ಅವನು ಭಾಲ್ಕಿಯಲ್ಲಿ ಮಗಳ ಮನೆ ಸೇರಿದ್ದ. ಜೀಪಿನ ಹಿಂದಿನಿಂದ ಶಿವರಾಜ ಇನ್ನೊಂದು ವಸ್ತು ಇಳಿಸಿದ: ಆಳುದ್ದದ ಕಬ್ಬಿಣದ ಸಿಲಿಂಡರ್.

"ಭಾಲ್ಕಿದಾಗ ವೆಲ್ಡಿಂಗ್ ಅಂಗಡ್ಯಾಗ ಸಿಕ್ತು" ಎಂದು ಎದೆಯುಬ್ಬಿಸಿದ. "ಆಕ್ಸಿಜನ್! ಗೌರವ್ವ, ಇನ್ನ ನಿನಗ ಏನ್ ಕಮ್ಮಿ?"

ಗೌರಿ ಸಿಲಿಂಡರ್ ನೋಡಿದಳು, ಮಾಮನನ್ನು ನೋಡಿದಳು. "ಮಾಮಾ, ಇದು ಕಬ್ಬಿಣ ಕತ್ತರಿಸೋದು."

"ಗಾಳಿ ಗಾಳೀನೇ ಅಲ್ಲೇನು?"

"ಮೊದ್ಲು ಇದಕ್ಕ ಬಿಸಿಲಿನಿಂದ ದೂರ ಇಡ್ರಿ. ಆಮ್ಯಾಲ ಮಾತಾಡೋಣ."

ಚಾಚಾ ನಗುತ್ತಾ ಬಾವಿಕಟ್ಟೆಯ ಮೇಲೆ ಕೂತ. ಅವನಿಗೂ ಎಪ್ಪತ್ತು ದಾಟಿತ್ತು. ಗೌರಿ ಹತ್ತಿರ ಹೋಗಿ ಕೂತಳು. ಎರಡು ಬೇರೆ ಬೇರೆ ಸಾಲೆಯ ಮಾಸ್ತರರು ಭೇಟಿಯಾದಂತೆ ಇಬ್ಬರೂ ವಾದಕ್ಕಿಳಿದರು.

"ನೀರಾಗ ಉಸಿರು ಹಿಡೀಲೇಬಾರದು ಅನ್ನೋದು ನಮಗ ಮೊದಲ್ನೇ ಪಾಠ ಚಾಚಾ."

"ಅರೇ ಬೇಟಿ, ನೀರಾಗ ಉಸಿರು ಬಿಟ್ಟವರಿಗೇ ನಾ ಜಿಂದಗಿ ತುಂಬಾ ಮ್ಯಾಲ ತಂದೀನಿ."

ಬೆನ್ನ ಮೇಲೆ ಗಾಳಿ ಇದ್ದವರ ಪಾಠ ಬೇರೆ, ಇಲ್ಲದವರದು ಬೇರೆ ಎಂದು ಅವಳು ಬಿಡಿಸಿ ಹೇಳಿದಳು. ಚಾಚಾ ತಲೆಯಾಡಿಸಿದ. ಆಳಕ್ಕೆ ಹೋದಾಗ ಕಿವಿ ನೋಯುತ್ತದಲ್ಲ, ಆಗೇನು ಮಾಡುತ್ತಿದ್ದೆ ಎಂದು ಕೇಳಿದಳು.

"ಮೂಗು ಹಿಡ್ದು ಒಳಗಿಂದೊಳಗೇ ಊದ್ತಿದ್ದೆ."

"ನಮಗೂ ಅದೇ ಕಲಿಸ್ಯಾರ! ನಿಮಗ ಯಾರು ಕಲಿಸಿದ್ರು?"

"ಕಿವೀನೇ. ಬ್ಯಾನಿ ಆದ್ರ ಕೈ ತಾನೇ ಮೂಗಿಗಿ ಹೋಗ್ತದ."

"ಸಂಬಂಧ ಕೂಡಿಸೋದು ಆಮ್ಯಾಲ ಆಗ್ಲಿ" ಎಂದು ಹೊರಸಿನಿಂದ ಅವ್ವನ ದನಿ ಬಂತು. ಮೊದಲಿಗಿಂತ ಸಣ್ಣಗಿತ್ತು. "ಯಾರು ಇಳೀತೀರಿ ಹೇಳ್ರಿ."

ಚಾಚಾ ಎದ್ದ. ಬಟ್ಟೆ ಬಿಚ್ಚಲಿಲ್ಲ, ಕಂದೀಲು ತರಿಸಿದ. ಹೊತ್ತಿಸಿ, ಹಗ್ಗಕ್ಕೆ ಕಟ್ಟಿ, ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ಮೆಲ್ಲಗೆ ಬಾವಿಯೊಳಗೆ ಬಿಟ್ಟ. ನಾವೆಲ್ಲ ಕಟ್ಟೆಗೆ ಮುತ್ತಿದೆವು. ನಡುವಿನವರೆಗೆ ಉರಿಯಿತು. ನೀರಿಗೆ ಇನ್ನೂ ಎರಡಾಳು ಇರುವಾಗ ಉರಿ ಕುಗ್ಗಿತು, ನೀಲಿಯಾಯಿತು, ಆರಿತು. ಎತ್ತಿ ಮತ್ತೆ ಹೊತ್ತಿಸಿ ಬಿಟ್ಟ. ಅಲ್ಲೇ ಆರಿತು.

"ಬಾವಿಗಿ ಉಸಿರಿಲ್ಲ" ಎಂದ ಚಾಚಾ. "ನೀರು ಇಳಿದ ಬಾವಿ. ಕೆಟ್ಟ ಗಾಳಿ ಬುಡದಾಗ ಕೂತದ. ದೀಪ ಉಸಿರಾಡದ ಜಾಗದಾಗ ನಾವೂ ಉಸಿರಾಡಲ್ಲ. ಯಾರೂ ಇಳ್ಯಂಗಿಲ್ಲ."

ಗೌರಿ ಕಟ್ಟೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಕೆಟ್ಟ ಗಾಳಿಯ ವಿಷಯ ಅವಳ ನಾಲ್ಕು ದಿನದ ಪಾಠದಲ್ಲಿ ಬಂದಿರಲಿಲ್ಲ. ಆದರೂ ಇಳಿಯಲ್ಲ ಅಂದಿದ್ದಳು. ಬೆಳಗ್ಗೆ ನನ್ನ ಮಾತಿಗೆ ಹೂಂ ಅಂದು ಇಳಿದಿದ್ದರೆ? ಆಡಿದ ಮಾತನ್ನು ಹರಳಿನಂತೆ ಆರಿಸಿ ತೆಗೆಯಲು ಬರುವುದಿಲ್ಲವಲ್ಲ.

ಗೊತ್ತಿದ್ದವರಿಬ್ಬರೂ ಒಲ್ಲೆ ಅಂದರು. ಗೊತ್ತಿಲ್ಲದವನೊಬ್ಬ ಅಂಗಿ ಬಿಚ್ಚಿದ. ಶಿವರಾಜನಿಗೆ ಕಾರ್ಡೂ ಇಲ್ಲ, ಕಸುಬೂ ಇಲ್ಲ. ಈಜು ಕೂಡ ಸೋರೆ ಬುರುಡೆ ಬಿಟ್ಟು ಮುಂದೆ ಹೋಗಿರಲಿಲ್ಲ. ಅವ್ವನ ಮುಖ ನೋಡಿ ಅವನಿಗೆ ತಡೆಯಲಾಗಲಿಲ್ಲ ಅಷ್ಟೆ. ಗೌರಿಯ ಟಾರ್ಚು ಕಸಿದು ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟ. ಟಾರ್ಚು ನೀರು ಮುಟ್ಟಿ, ಮುಳುಗಿ, ಬುಡದ ಕೆಸರನ್ನೂ ಬೆಳಗಿತು.

"ನೋಡ್ರಿ! ಇದು ಆರೇ ಇಲ್ಲ! ಚಾಚಾನ ಕಂದೀಲಿನಾಗೇ ಎಣ್ಣಿ ಇಲ್ಲ!"

"ಮಾಮಾ, ಅದು ಸೆಲ್ಲಿನ ದೀಪ, ಎಲ್ಲಿದ್ರೂ ಉರೀತದ!" ಎಂದು ಗೌರಿ ಕಿರುಚಿ ಅವನ ತೋಳು ಹಿಡಿದಳು. ಚಾಚಾ ಅವನ ಧೋತರದ ತುದಿಯ ಮೇಲೆ ಕೂತುಬಿಟ್ಟ. ಐವತ್ತರ ಗಂಡಸು, ಗ್ರಾಮದ ನೀರಿನ ಉಸ್ತುವಾರಿ, ಊರ ಹೆಂಗಸರೆಲ್ಲರ ಮುಂದೆ ಒಂದು ಹೆಜ್ಜೆ ಮುಂದಿಡಲಾರ, ಹಿಂದಿಡಲಾರ. ಧೋತರ ಬಿಟ್ಟು ಇಳಿಯುವಷ್ಟು ಮಾತೃಭಕ್ತಿ ಅವನಲ್ಲಿ ಆ ಹೊತ್ತು ಇರಲಿಲ್ಲ. ಅದು ಶಿವನ ದಯೆ.

ಟಾರ್ಚಿಗೂ ಕಂದೀಲಿಗೂ ಇರುವ ಅಂತರವನ್ನು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಆರದ ದೀಪ ಕಾಣಿಸುತ್ತದೆ, ಎಚ್ಚರಿಸುವುದಿಲ್ಲ. ಆ ಹೊತ್ತಿನಲ್ಲಿ ಮಾತ್ರ ಯೋಚನೆಗೆ ಪುರಸೊತ್ತಿರಲಿಲ್ಲ. ಅವ್ವ ಹೊರಸಿನ ಮೇಲೆ ಅಡ್ಡಾಗಿದ್ದಳು, ನನ್ನ ಜೀವನದಲ್ಲಿ ಮೊದಲ ಸಲ ಮಾತಿಲ್ಲದೆ. ನನ್ನ ತಲೆ, ಅದಕ್ಕೆ ಬೇರೇನೂ ಗೊತ್ತಿಲ್ಲದ್ದಕ್ಕೆ, ಅಡುಗೆಮನೆಗೆ ಹೋಯಿತು.

"ಸಾರಿನ ಬೋಗುಣ್ಯಾಗ ಸೌಟು ಬಿದ್ರ ಕುದಿಯೋ ಸಾರಿಗಿ ಯಾರರೆ ಕೈ ಹಾಕ್ತಾರೇನು?" ಅಂದೆ. "ಸಾರು ಬ್ಯಾರೆ ಬೋಗುಣಿಗಿ ಬಗ್ಗಸ್ತೀವಿ. ಒಂದಾಳು ನೀರಲ್ಲ? ಮ್ಯಾಲಿಂದೇ ಸೇದಿ ತೆಗೀರಿ."

ಶಿವರಾಜನಿಗೆ ಧೋತರಕ್ಕಿಂತ ಇದು ದೊಡ್ಡ ಕಷ್ಟವಾಯಿತು. ಮನೆಗೆ ದಿನಕ್ಕೆ ಎರಡೇ ಕೊಡ ಎಂದು ಠರಾವು ಮಾಡಿ, ಕಟ್ಟೆಯ ಮೇಲೆ ಕೂತು, ಮೂರನೆಯ ಕೊಡ ತಂದವರನ್ನು ಓಡಿಸುತ್ತಿದ್ದವನು ಅವನು. "ನಾಳಿಗಿ ಊರು ಏನ್ ಕುಡೀಬೇಕು?"

"ಇವತ್ತು ಸೇದಿದ್ದೇ ನಾಳಿ ಕುಡೀತಾರ. ನೀರು ಎಲ್ಲಿ ಹೋಗ್ತದ, ಕೊಡದಾಗೇ ಇರ್ತದ" ಎಂದ ಚಾಚಾ. "ಮತ್ತ, ಮೂಡಣ ಮೂಲಿದಾಗ ಎರಡು ಕಲ್ಲಿನ ಸಂದಿಯಿಂದ ಸೆಲಿ ಬರ್ತದ. ನಾ ಅಂಗೈ ಇಟ್ಟು ನೋಡಿದ ಸೆಲಿ ಅದು. ಬೆಳಗಾಗೋದ್ರಾಗ ಸೊಂಟದ ಮಟ್ಟ ತುಂಬಿ ಕೊಡ್ತದ. ಇಲ್ಲಂದ್ರ ನನ್ನ ಹೆಸರು ಬದಲಿ ಮಾಡು."

ಮುಂದಿನದನ್ನು ನೀವು ನೋಡಬೇಕಿತ್ತು. ನಾಲ್ಕು ರಾಟೆ, ನಾಲ್ಕು ಹಗ್ಗ, ಊರಲ್ಲಿ ಉಳಿದಿದ್ದ ಎಲ್ಲ ಹೆಂಗಸರು. ಕೊಡ, ಹಂಡೆ, ಡ್ರಮ್ಮು, ಕೊನೆಗೆ ಮಕ್ಕಳ ತೊಟ್ಟಿಲಿನಷ್ಟು ದೊಡ್ಡ ಕೊಪ್ಪರಿಗೆ. ಬೀಗ ಹಾಕಿ ಹೋದವರ ಅಂಗಳದ ತೊಟ್ಟಿಗಳೂ ತುಂಬಿದವು. ಎಂಟನೆಯ ಕೊಡ ಹೊತ್ತ ಕಾಶಮ್ಮ ಶಿವರಾಜನ ಮುಂದೆ ಬೇಕಂತಲೇ ನಿಂತು, "ಎರಡೇ ಕೊಡ ಹೌದಿಲ್ರಿ ಉಸ್ತುವಾರಿಯವರ?" ಎಂದು ಕೇಳಿದಳು. "ಇದು ನೀರಲ್ಲ, ತೀರ್ಥ. ತೀರ್ಥಕ್ಕ ಠರಾವು ಅದ ಏನ್ರಿ? ಅವ್ವನ ಲಿಂಗ ವಾರಕ್ಕೊಮ್ಮೆ ಬೀಳ್ಲಿ ಶಿವನೇ!"

ಅವ್ವ ಕಣ್ಣು ಮುಚ್ಚಿಕೊಂಡೇ, "ನಿನ್ನ ಬಾಯಾಗ ಮಣ್ಣು ಬೀಳ್ಲಿ" ಎಂದಳು. ಮಾತು ಬಂತಲ್ಲ ಎಂದು ನಾನು ಕೈಮುಗಿದೆ.

ಬಿಸಿಲು ಇಳಿಯುವ ಹೊತ್ತಿಗೆ ಬುಡದಲ್ಲಿ ಕೆಸರು ಮಾತ್ರ ಉಳಿಯಿತು. ಚಾಚಾ ಮತ್ತೆ ಕಂದೀಲು ಬಿಟ್ಟ. ಅಷ್ಟು ಕೊಡಗಳು ಏರಿ ಇಳಿದು ಒಳಗಿನ ಗಾಳಿ ಕಲಕಿದ್ದರಿಂದಲೋ ಏನೋ, ಈ ಸಲ ಬುಡ ಮುಟ್ಟುವವರೆಗೂ ಉರಿಯಿತು, ಆದರೆ ಉರಿ ನಡುಗುತ್ತಿತ್ತು. "ಈಗರೆ ಇಳೀಲಾ?" ಎಂದ ಶಿವರಾಜ.

"ನಡುಗ್ಲಿಕತ್ತದ. ನಡುಗೋ ದೀಪ ಹೌದೂ ಅನ್ನಲ್ಲ, ಅಲ್ಲಾನೂ ಅನ್ನಲ್ಲ. ನಂದು ಉಮರ್ ಇಪ್ಪತ್ತೈದಿದ್ರ ಇಳೀತಿದ್ದೆ. ಆಗ ಅಕ್ಕಲ್ ಇರ್ಲಿಲ್ಲ" ಎಂದ ಚಾಚಾ.

ಅವನು ಬಕೆಟ್ಟಿನ ಅಂಚಿಗೆ ಕಲ್ಲು ಕಟ್ಟಿ, ಅದು ಅಡ್ಡ ಬೀಳುವಂತೆ ಮಾಡಿ, ಮೇಲಿನಿಂದಲೇ ಬುಡವನ್ನು ಬಾಚತೊಡಗಿದ. ಗೌರಿ ಟಾರ್ಚು ಇಳಿಬಿಟ್ಟು, ಹೊಟ್ಟೆಯ ಮೇಲೆ ಮಲಗಿ, "ಎಡಕ್ಕ ಚಾಚಾ, ಇನ್ನೂ ಎಡಕ್ಕ, ಈಗ ಎಳೀರಿ" ಎಂದು ದಾರಿ ಹೇಳಿದಳು. ಮೇಲೆ ಬಂದ ಕೆಸರನ್ನು ಮೊರಕ್ಕೆ ಸುರಿದುಕೊಂಡು ಕೂತವಳು ನಾನು. ಆ ಊರಲ್ಲಿ ಆ ಹೊತ್ತಿಗೆ ಆ ಕೆಲಸಕ್ಕೆ ನನಗಿಂತ ಕಲಿತವರು ಯಾರೂ ಇರಲಿಲ್ಲ. ನನಗೆ ಕಾರ್ಡು ಕೊಟ್ಟವರಿಲ್ಲ, ಅಷ್ಟೇ. ಬೆರಳಿನಿಂದ ಹರವುವುದು, ಆರಿಸುವುದು. ಒಂದು ಕೀಲಿಕೈ, ಮೂರು ಗುಂಡಿ, ಯಾರದೋ ಕಾಲುಂಗುರ. ಹದಿಮೂರನೆಯ ಬಕೆಟ್ಟಿನಲ್ಲಿ ಬೆರಳಿಗೆ ದುಂಡಗೆ, ತಣ್ಣಗೆ ತಾಗಿತು. ಸೆರಗಿನಿಂದ ಒರೆಸಿದೆ. ಬೆಳ್ಳಿ.

ಕರಡಿಗೆಯನ್ನು ಅವ್ವನ ಅಂಗೈಯಲ್ಲಿಟ್ಟಾಗ ಅವಳು ಅದನ್ನು ಎದೆಗೆ ಒತ್ತಿಕೊಂಡಳು. ತೊಳೆದು, ಹೊಸ ದಾರ ಹಾಕಿ, ಬೇವಿನ ಕೆಳಗೇ ವಿಭೂತಿ ಹಚ್ಚಿ ಪೂಜೆ ಮಾಡಿದಳು. ಆಮೇಲೆ ತಂಬಿಗೆ ಎತ್ತಿದಳು. ನೀರು ಗಟಗಟ ಇಳಿಯುವುದು ಅವಳ ಸುಕ್ಕು ಗಂಟಲಲ್ಲಿ ಕಾಣುತ್ತಿತ್ತು. ಒಂದು, ಎರಡು, ಮೂರು ಗುಟುಕು. ಅಷ್ಟು ಚಂದದ ದೃಶ್ಯ ನಾನು ಬೇರೆ ಕಂಡಿಲ್ಲ. ಗೌರಿಯ ಕಡೆ ತಿರುಗಿ, "ಮುಂಜಾನಿ ನಾ ಅಂದಿದ್ದು ತಪ್ಪಾಯ್ತವ್ವ" ಎಂದೆ. ಅವಳು ಕೆಸರಿನ ಕೈಯಿಂದಲೇ ನನ್ನ ಗಲ್ಲ ಹಿಂಡಿದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನನಗೆ ಎಷ್ಟು ಒಳ್ಳೆಯದಿತ್ತು. ಮೊರ ತೊಳೆಯಲು ಎತ್ತಿದ ಶಿವರಾಜ ಮೂಲೆಯ ಕೆಸರಿನ ಗಡ್ಡೆಯೊಂದನ್ನು ಒಡೆದ. ಒಳಗೆ ಹಸಿರುಗಟ್ಟಿದ ಹಿತ್ತಾಳೆಯ ಭರಣಿ.

ಅವ್ವ ನೋಡಿದಳು. ತಮ್ಮ ನೋಡಿದ. ಗೌಸ್ ಚಾಚಾ ಕೆಮ್ಮಿದ.

"ಇದು ನಾ ಒಗದೇ ಇಲ್ಲ ಅಂತ ಆವಾಗೇ ಹೇಳಿದ್ದೆ" ಎಂದ ಶಿವರಾಜ, ಏಳು ವರ್ಷದವನ ದನಿಯಲ್ಲಿ. "ಬಾವಿಗಿ ಹೋಗೇ ಇರ್ಲಿಲ್ಲ ಅವತ್ತು."

ಅವ್ವ ಚಾಚಾನ ಕಡೆ ತಿರುಗಿದಳು. "ಗೌಸ್, ನಿನಗ ಗೊತ್ತಿತ್ತೇನು?"

"ನೀರಾಗ ಕಂಡಿದ್ದು ಮ್ಯಾಲ ಹೇಳಬಾರದು ಅಮ್ಮಾವರ. ಅದು ನಮ್ಮ ಕಸುಬಿನ ಉಸೂಲು" ಎಂದು ಅವನು ಹಗ್ಗ ಸುತ್ತತೊಡಗಿದ.

ಅದೇ ಸಾಕಾಯಿತು. ಎಲ್ಲರ ಕಣ್ಣೂ ನನ್ನ ಮೇಲೆ. ಕರಡಿಗೆ ಹುಡುಕಿಕೊಟ್ಟ ಪುಣ್ಯ ಅರ್ಧ ಗಳಿಗೆಯೂ ಬಾಳಲಿಲ್ಲ. ಅವ್ವ ಇನ್ನೂ ಎರಡು ಗುಟುಕು ಕುಡಿದು, ದನಿ ಸರಿ ಮಾಡಿಕೊಂಡು ತೀರ್ಪು ಕೊಟ್ಟಳು: "ಅವನಿಗಿ ಬಿದ್ದ ಏಟು ವಾಪಸ್ ಬರಲ್ಲ. ಈ ವರ್ಷ ಅವನ ಹೊಲದ ಬ್ಯಾಳಿ ಪೂರಾ ನೀನೇ ಹಸನ್ ಮಾಡಿ ಕೊಡು."

ಹೊಲದ ಬೇಳೆ ಎಂದರೆ ಮಷಿನ್ನಿನ ಮುಖ ಕಾಣದ ಬೇಳೆ. ಕಣದ ಮಣ್ಣು, ಬೀಸುವ ಕಲ್ಲಿನ ಚೂರು ಎಲ್ಲ ಅದರಲ್ಲೇ. ರಾತ್ರಿ ಬಸ್ಸಿಗೆ ನಾವು ಮನೆಗೆ ಮರಳಿದ್ದೆವು, ಮರುದಿನವೇ ಅದು ಜೀಪಿನಲ್ಲಿ ಚಿದ್ರಿಗೆ ಬಂದಿಳಿಯಿತು, ವೆಲ್ಡಿಂಗ್ ಸಿಲಿಂಡರ್ ಭಾಲ್ಕಿಗೆ ವಾಪಸ್ ಹೋಗುವ ದಾರಿಯಲ್ಲಿ. ಬರದ ವರ್ಷವಾದ್ದರಿಂದ ಒಂದೇ ಚೀಲ. ಮಳೆ ನೆಟ್ಟಗೆ ಆಗಿದ್ದರೆ ಐದು ಚೀಲ ಆಗುತ್ತಿತ್ತು. ಶಿವ ಯಾರ ಮೇಲೆ ಯಾವಾಗ ದಯೆ ತೋರುತ್ತಾನೋ ಹೇಳಲಾಗುವುದಿಲ್ಲ. ಸೆಲೆ ಸೊಂಟದ ಮಟ್ಟ ತುಂಬಿದೆ, ಚಾಚಾನ ಹೆಸರು ಉಳಿಯಿತು ಎಂದು ತಮ್ಮ ಚೀಲ ಇಳಿಸುತ್ತಾ ಹೇಳಿದ. ನಾನು ಕಟ್ಟೆಯ ಮೇಲೆ ಹಿಂದಿನ ದಿನ ಬಿಟ್ಟಿದ್ದ ಅರ್ಧ ಮೊರವನ್ನು ಎಳೆದುಕೊಂಡು, ಎಂಟನೆಯ ಹರಳು ಹುಡುಕಲು ಕೂತೆ.